ಅಮೆರಿಕದ ಗಾಯಕ ಗಾರ್ತ್ ಬ್ರೂಕ್ಸ್ ಅವರ ಕಂಟ್ರಿ ಆಲ್ಬಂ 1991ರಲ್ಲಿ ಬಂದ ಕೂಡಲೇ ನಂಬರ್ ಒನ್ ಆಗಿದ್ದು ಹೇಗೆ?

ಜನ ಮುಗಿಬಿದ್ದು ಕೊಂಡರು, ಜೊತೆಗೆ ಅದೇ ವರ್ಷ ಲೆಕ್ಕ ಹಾಕುವ ರೀತಿಯೂ ಬದಲಾಯಿತು. ಅದಕ್ಕೂ ಮೊದಲು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಕ್ಯಾಸೆಟ್, ಸಿಡಿ ಅಂಗಡಿಯವರನ್ನು ಕೇಳಿ ಹೆಚ್ಚು ಮಾರಾಟವಾದ ಆಲ್ಬಂಗಳ ಪಟ್ಟಿ ಮಾಡುತ್ತಿತ್ತು. ಅವರು ಹೇಳುತ್ತಿದ್ದುದು ಬಹುಪಾಲು ಅಂದಾಜು. ಅದರಲ್ಲಿ ರಾಕ್, ಪಾಪ್‌ಗೇ ಜಾಸ್ತಿ ಜಾಗ. ಕಂಟ್ರಿ, ಅಂದರೆ ಅಲ್ಲಿನ ದಕ್ಷಿಣದ ಹಳ್ಳಿಗಾಡಿನಲ್ಲಿ ಬೆಳೆದ ಸಂಗೀತ, ಹಿಂದೆ ಉಳಿಯುತ್ತಿತ್ತು.

1991ರ ಮೇ ತಿಂಗಳಲ್ಲಿ ಸೌಂಡ್‌ಸ್ಕ್ಯಾನ್ ವ್ಯವಸ್ಥೆ ಬಂತು. ಬಿಲ್ ಮಾಡುವಾಗ ಸ್ಕ್ಯಾನ್ ಆದ ಬಾರ್‌ಕೋಡ್‌ಗಳೇ ಲೆಕ್ಕಕ್ಕೆ ಆಧಾರವಾದವು. ಸೆಪ್ಟೆಂಬರ್‌ನಲ್ಲಿ ಬಂದ ಬ್ರೂಕ್ಸ್ ಅವರ ‘ರೋಪಿನ್ ದ ವಿಂಡ್’ ನೇರ ಮೊದಲ ಸ್ಥಾನಕ್ಕೇ ಕಾಲಿಟ್ಟಿತು. ಯಾವ ಕಂಟ್ರಿ ಆಲ್ಬಮ್ಮಿಗೂ ಅದುವರೆಗೆ ಹಾಗಾಗಿರಲಿಲ್ಲ. ಹಾಗಂತ ಇದು ಸುಮ್ನೆ ಲೆಕ್ಕದ ಆಟವಲ್ಲ. ಅವರ 1990ರ ಆಲ್ಬಂ ‘ನೋ ಫೆನ್ಸಸ್’ ಆಗಲೇ ಭರ್ಜರಿಯಾಗಿ ಮಾರಾಟವಾಗುತ್ತಿತ್ತು.