ಬಿಟಿ ಔಷಧಿಯನ್ನು ಮನೆಯ ಡ್ರಮ್ಮಿನಲ್ಲೇ ಬೆಳೆಸಬಹುದಾ?

ಪ್ರಶ್ನೆ: ಒಂದೂವರೆ ಎಕರೆ ಎಲೆಕೋಸು ಹಾಕಿದ್ದೇನೆ. ವಜ್ರಬೆನ್ನಿನ ಪತಂಗದ ಹುಳು ಎಲೆಯನ್ನೆಲ್ಲ ಜರಡಿ ಮಾಡಿದೆ. ಬಿಟಿ ಪುಡಿಯ ಬೆಲೆ ಜಾಸ್ತಿ. ಸೋಯಾ ಹಿಟ್ಟು, ಬೆಲ್ಲದ ನೀರಿಗೆ ಸ್ವಲ್ಪ ಪುಡಿ ಬೆರೆಸಿ, ಸಗಣಿ ಗಂಜಲ ಕೊಳೆಸಿ ಮಾಡುವ ಜೀವಾಮೃತದ ಹಾಗೆ ಡ್ರಮ್ಮಿನಲ್ಲಿ ಹೆಚ್ಚಿಸಬಹುದು ಅಂತಾರೆ. ನಿಜವೇ?
– ಓದುಗರೊಬ್ಬರು, ಮಾಲೂರು

ಉತ್ತರ: ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಹುಳುಗಳನ್ನು ಕೊಲ್ಲುವ ಒಂದು ಬ್ಯಾಕ್ಟೀರಿಯಾ. ಅಗ್ಗದ ಆಹಾರದಲ್ಲಿ ಅದು ಬೆಳೆಯುತ್ತದೆ ಅನ್ನುವುದು ನಿಜ. ಸೋಯಾ ಹಿಟ್ಟು, ಕಡಲೆಕಾಯಿ ಹಿಂಡಿ, ಸಕ್ಕರೆ ಕಾರ್ಖಾನೆಯ ಕಾಕಂಬಿ, ಯಾವುದಾದರೂ ಆದೀತು. ಹೈದರಾಬಾದಿನ ಎಣ್ಣೆಕಾಳು ಸಂಶೋಧನಾ ಸಂಸ್ಥೆಯವರು ಹರಳು ಗಿಡದ ಕೊಂಡಲಿ ಹುಳುವಿಗೆಂದು ಗೋಧಿ ಬೂಸಾದ ಮೇಲೇ ಬೆಳೆಸಿದ್ದಾರೆ. ಸೊಳ್ಳೆಮರಿ ಕೊಲ್ಲುವ ಬಿಟಿಗಾಗಿ ಪುದುಚೇರಿಯ ವಿಜ್ಞಾನಿಗಳು ಸೋಯಾ ಹಿಟ್ಟನ್ನಷ್ಟೇ ಅಲ್ಲ, ಕೋಳಿ ಪುಕ್ಕವನ್ನೂ ಬಳಸಿದ್ದಾರೆ.

ಆದರೆ ಡ್ರಮ್ಮಿನಲ್ಲಿ ಬೇಡ. ಜೀವಾಮೃತದಲ್ಲಿ ನೂರಾರು ಬಗೆಯ ಸೂಕ್ಷ್ಮಜೀವಿ ಒಟ್ಟಿಗೆ ಇದ್ದರೂ ನಡೆಯುತ್ತದೆ, ಬಿಟಿ ಮಾತ್ರ ಒಂಟಿಯಾಗಿ ಬೆಳೆಯಬೇಕು. ಬೆಲ್ಲದ ನೀರು ಕಂಡರೆ ಗಾಳಿಯಲ್ಲಿರುವ, ಡ್ರಮ್ಮಿಗೆ ಅಂಟಿರುವ ಎಲ್ಲವೂ ಮುತ್ತಿಕೊಳ್ಳುತ್ತವೆ. ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋದು ಬಿಟಿಯ ಹತ್ತಿರದ ಸಂಬಂಧಿ, ವಾಂತಿ ಭೇದಿ ತರುವಂಥದ್ದು. ಬರಿಗಣ್ಣಿಗೆ ಎರಡಕ್ಕೂ ವ್ಯತ್ಯಾಸ ತಿಳಿಯಲ್ಲ. ಅದನ್ನು ಜನ ಹಸಿಯಾಗಿ ತಿನ್ನುವ ಕೋಸಿನ ಮೇಲೆ ಹೊಡೆಯುವುದಾ?

ಇನ್ನೊಂದು ಮಾತು. ಹುಳುವನ್ನು ಕೊಲ್ಲುವುದು ಬ್ಯಾಕ್ಟೀರಿಯಾದ ಒಳಗೆ, ಬೀಜಕಣದ ಪಕ್ಕದಲ್ಲೇ ಕಟ್ಟುವ ಪ್ರೋಟೀನಿನ ಹರಳು. ಅದು ಹುಳುವಿನ ಕ್ಷಾರದ ಕರುಳಿನಲ್ಲಿ ಕರಗಿ, ಕರುಳನ್ನೇ ತೂತು ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ಹುಳು ತಿನ್ನೋದು ಬಿಡುತ್ತದೆ, ಎರಡು ಮೂರು ದಿನಕ್ಕೆ ಸಾಯುತ್ತದೆ. ನೀರು ಬಗ್ಗಡವಾದ ಮಾತ್ರಕ್ಕೆ ಹರಳು ಕಟ್ಟಿದೆ ಅಂತ ಅರ್ಥ ಅಲ್ಲ, ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಕಾರ್ಖಾನೆಯಲ್ಲಿ ದುಡ್ಡು ಹೋಗುವುದೂ ಹಿಟ್ಟು ಬೆಲ್ಲಕ್ಕಿಂತ ಹೆಚ್ಚಾಗಿ ಶುಚಿ, ಗಾಳಿ ಪೂರೈಕೆ ಮತ್ತು ಪರೀಕ್ಷೆಗೆ.

ಹಾಗಾಗಿ ಕೊಂಡ ಪುಡಿಯನ್ನೇ ಪೋಲಾಗದಂತೆ ಬಳಸಿ. ಹುಳು ಇನ್ನೂ ಸಣ್ಣದಿರುವಾಗಲೇ, ಸಂಜೆ ಹೊತ್ತು, ಎಲೆಯ ಅಡಿಗೂ ತಾಗುವಂತೆ ಹೊಡೆಯಿರಿ. ಬಿಸಿಲಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ. ಪ್ರತಿಸಲವೂ ಬಿಟಿಯನ್ನೇ ಹೊಡೆದರೆ ಈ ಹುಳು ಅದಕ್ಕೂ ಒಗ್ಗಿಕೊಳ್ಳುತ್ತದೆ, ನಡುವೆ ಬೇರೆ ಔಷಧಿ ಬದಲಿಸಿ. ಊರಲ್ಲಿ ಹತ್ತಾರು ಜನ ಕೋಸು ಬೆಳೆಯುವವರಿದ್ದರೆ ಒಟ್ಟಾಗಿ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ, ಪ್ರಯೋಗಾಲಯದಲ್ಲಿ ತಯಾರಾದದ್ದು ಕಡಿಮೆ ಬೆಲೆಗೆ ಸಿಗುತ್ತದಾ ವಿಚಾರಿಸಿ.

ನಿಮ್ಮ ಕಡೆ ರೇಷ್ಮೆ ಜಾಸ್ತಿ ಅಲ್ವಾ, ಇದನ್ನು ದಯವಿಟ್ಟು ಮರೆಯಬೇಡಿ: 1901ರಲ್ಲಿ ಜಪಾನಿನಲ್ಲಿ ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ ಸತ್ತ ರೇಷ್ಮೆಹುಳುವಿನಲ್ಲಿ. ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ಬಿಟಿ ಹೊಡೆಯಲೇಬೇಡಿ.