ಜಾಝ್ ಕೇಳಬೇಕಾ? ತಕಿಟ ತಕದಿಂದ ಶುರು ಮಾಡಿ

ನೀವು ಮನೆಯಲ್ಲಿ ಸ್ವಲ್ಪ ಕರ್ನಾಟಕ ಸಂಗೀತ, ಮಿಕ್ಕಂತೆ ಸಿನಿಮಾ ಹಾಡು ಕೇಳಿ ಬೆಳೆದವರು. ಈಗ ಜಾಝ್ ಕೇಳುವ ಆಸೆ ಬಂದಿದೆ, ಆದರೆ ನೂರು ಆಲ್ಬಮ್‌ಗಳ ಪಟ್ಟಿ ನೋಡಿ ತಲೆ ತಿರುಗಿದೆ. ನಿಮ್ಮ ಮೆಚ್ಚಿನದು ಯಾವುದು, ನಾನು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಇವು ಎರಡು ಬೇರೆ ಪ್ರಶ್ನೆಗಳು. ನನ್ನ ಮೆಚ್ಚಿನದು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’. ಅದನ್ನು ಮೊದಲು ಕೇಳಬೇಡಿ. ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬ ತನಗೆ ಪ್ರಾಣವಾಗಿದ್ದ ಆಲ್ಬಮ್ಮನ್ನೇ ನನಗೆ ಮೊದಲು ಕೊಟ್ಟ. ತಾಳ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಆಮೇಲೆ ಆರು ವರ್ಷ ಆ ಕಡೆ ತಿರುಗಿಯೂ ನೋಡಲಿಲ್ಲ.

ನೀವು ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ ‘ಟೈಮ್ ಔಟ್’ ಹಾಕಿ. 1959ರದು. ಅದರಲ್ಲಿ ‘ಟೇಕ್ ಫೈವ್’ ಇದೆ, ಸ್ಯಾಕ್ಸೊಫೋನ್ ನುಡಿಸುವ ಪಾಲ್ ಡೆಸ್ಮಂಡ್ ಅವರ ರಚನೆ, ಐದು ಎಣಿಕೆ. ನಮ್ಮ ಖಂಡ ಛಾಪು ತಾಳ ತಕ ತಕಿಟ, ಎರಡು ಆಮೇಲೆ ಮೂರು, ಅಲ್ವಾ? ಇಲ್ಲಿ ಅದೇ ತಿರುವುಮುರುವು: ತಕಿಟ ತಕ. ತೊಡೆ ತಟ್ಟುತ್ತಾ ಕೇಳಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ರಾಮನವಮಿ ಕಚೇರಿಗೆ ಹೋಗಿದ್ದರೆ ನೋಡಿರುತ್ತೀರಿ, ತನಿ ಆವರ್ತನ, ಅಂದರೆ ಮೃದಂಗದವರ ಸರದಿ, ನಡೆಯುವಾಗ ಗಾಯಕರು ಸುಮ್ನೆ ಕೂರುವುದಿಲ್ಲ, ಕೈಯಲ್ಲಿ ತಾಳ ಹಾಕುತ್ತಲೇ ಇರುತ್ತಾರೆ. ಇಲ್ಲಿ ಜೋ ಮೊರೆಲ್ಲೊ ಡ್ರಮ್ಸ್‌ನಲ್ಲಿ ಎಲ್ಲೆಲ್ಲೋ ಹೋಗಿಬರುವಾಗ ಆ ಕೆಲಸ ಬ್ರೂಬೆಕ್ ಅವರ ಪಿಯಾನೋದ್ದು. ಒಂದೇ ತುಣುಕನ್ನು ಬಿಡದೆ ಹಿಡಿದಿರುತ್ತದೆ. ಹಾಗಾಗಿ ನಿಮ್ಮ ತಾಳವೂ ತಪ್ಪುವುದಿಲ್ಲ. ಆಲ್ಬಮ್ಮಿನ ಮೊದಲನೆಯದು, ‘ಬ್ಲೂ ರೊಂಡೊ’, ಒಂಬತ್ತರ ಎಣಿಕೆ. ಮೂರು ಸಲ ತಕ ತಕ ತಕ ತಕಿಟ, ನಾಲ್ಕನೇ ಸಲ ತಕಿಟ ತಕಿಟ ತಕಿಟ. ಬ್ರೂಬೆಕ್ ಇದನ್ನು ಟರ್ಕಿಯ ಬೀದಿ ವಾದ್ಯಗಾರರಿಂದ ಕೇಳಿ ಹಿಡಿದದ್ದು. 1958ರ ಅದೇ ಪ್ರವಾಸದಲ್ಲಿ ಅವರು ಭಾರತಕ್ಕೂ ಬಂದಿದ್ದರು.

ಒಂದು ತಿಂಗಳು ಇದೊಂದೇ ಸಾಕು. ನಿಜವಾಗಿ ಹೇಳುತ್ತಿದ್ದೇನೆ, ಜಾಸ್ತಿ ಕೂಡಿಹಾಕಬೇಡಿ.

ಆಮೇಲೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. ಅದೂ 1959. ಮೆಟ್ರೋದಲ್ಲಿ ಬೇಡ, ಆ ಸದ್ದಿನಲ್ಲಿ ಬೇಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ಕೇಳಿಸದಿದ್ದರೆ ಅರ್ಧ ಸಂಗೀತವೇ ಹೋಯಿತು. ರಾತ್ರಿ ಬೀದಿ ತಣ್ಣಗಾದ ಮೇಲೆ ಕೇಳಿ. ‘ಸೋ ವಾಟ್’ನಲ್ಲಿ ಬೇಸ್ ಒಂದು ಮಾತು ಕೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಸ್ವರಗಳು ನಮ್ಮ ಖರಹರಪ್ರಿಯ ರಾಗದ್ದೇ. ಗಮಕ ಹುಡುಕಬೇಡಿ, ರಾಗ ಅಲ್ಲ ಅದು, ಸ್ವರಗಳಷ್ಟೇ ಅವೇ. 16 ಆವರ್ತ ಒಂದು ಶ್ರುತಿಯಲ್ಲಿ, ಮುಂದಿನ 8 ಅದೇ ಸ್ವರಗಳು ಅರ್ಧ ಮನೆ (ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು) ಮೇಲೆ, ಮತ್ತೆ 8 ಮೊದಲಿನ ಜಾಗಕ್ಕೆ. ಆ ಏರುವ ಗಳಿಗೆಯನ್ನು ಕಿವಿ ಒಮ್ಮೆ ಹಿಡಿದರೆ ಸಾಕು, ಪ್ರತಿಯೊಬ್ಬರೂ ಅಲ್ಲಿಗೆ ಬಂದಾಗ ಏನು ಮಾಡುತ್ತಾರೆ ಅಂತ ಕಾಯಲು ಶುರು ಮಾಡುತ್ತೀರಿ. ಮೈಲ್ಸ್ ಕಡಿಮೆ ಮಾತಿನವರು. ಕೋಲ್ಟ್ರೇನ್ ಅಲ್ಲೂ ಇದ್ದಾರೆ, ಹೇಳಿ ಮುಗಿಯದಷ್ಟು ಇದೆ ಅವರಿಗೆ.

ನಮ್ಮೂರಿನದೂ ಒಂದಿದೆ: 1983ರ ‘ಜ್ಯೋತಿ’. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು. ಆರ್. ಎ. ರಮಾಮಣಿ ಅವರ ದನಿಗಾಗಿಯಾದರೂ ಕೇಳಿ.

ಕೊನೆಗೆ ‘ಎ ಲವ್ ಸುಪ್ರೀಮ್’. 1964ರ ಡಿಸೆಂಬರ್ 9ರಂದು, ಒಂದೇ ದಿನದಲ್ಲಿ ಧ್ವನಿಮುದ್ರಣವಾದದ್ದು, ನಾಲ್ಕು ಭಾಗ, ಸುಮಾರು 33 ನಿಮಿಷ. ಮೊದಲ ಭಾಗದಲ್ಲಿ ಬೇಸ್ ನಾಲ್ಕು ಸ್ವರದ ಒಂದು ಸಂಗತಿ ಹಿಡಿಯುತ್ತದೆ, ಕೊನೆಗೆ ಅದೇ ಸಂಗತಿ ಬಾಯಿಗೆ ಬಂದು ಭಜನೆಯಲ್ಲಿ ನಾಮ ಹೇಳಿದ ಹಾಗೆ ಮತ್ತೆ ಮತ್ತೆ ಕೇಳಿಸುತ್ತದೆ. ನಾನು ಮತ್ತೆ ಮತ್ತೆ ಹೋಗುವುದು ಮಾತ್ರ ನಾಲ್ಕನೇ ಭಾಗಕ್ಕೆ. ಕೋಲ್ಟ್ರೇನ್ ದೇವರಿಗೆ ಬರೆದ ಒಂದು ಕವಿತೆ ಆಲ್ಬಮ್ಮಿನ ಜೊತೆಗೇ ಅಚ್ಚಾಗಿದೆ. ಆ ಭಾಗದಲ್ಲಿ ಅವರು ನುಡಿಸುತ್ತಿರುವುದು ಅದನ್ನೇ, ವೀಣೆಯವರು ಸಾಹಿತ್ಯದ ಅಕ್ಷರಕ್ಕೆ ಸರಿಯಾಗಿ ಮೀಟುತ್ತಾರಲ್ಲ, ಹಾಗೆ. ಕವಿತೆ ಎದುರಿಗಿಟ್ಟುಕೊಂಡು, ಸಾಲಿನ ಮೇಲೆ ಬೆರಳಿಟ್ಟು ಕೇಳಿ.