ಕೆಂಗೇರಿ ಉಪನಗರದಲ್ಲಿ ಹಳೆಯ ಸ್ವತಂತ್ರ ಮನೆ ಕೊಳ್ಳಬಹುದೇ?

ವಯಸ್ಸಾದ ಅಪ್ಪ ಅಮ್ಮ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಸಂಸಾರಕ್ಕೆ ಬೆಂಗಳೂರಿನ ಕೆಂಗೇರಿ ಉಪನಗರದ 30×40 ಅಡಿ ನಿವೇಶನದ ಹಳೆಯ ಮನೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲಿ ವಾಸವಿರುವವನಾಗಿ ಹೇಳುತ್ತೇನೆ, ಧಾರಾಳವಾಗಿ ಕೊಳ್ಳಿ. ಆದರೆ ಮನೆಯೊಳಗೆ ಕಾಲಿಡುವ ಮೊದಲು ಅಕ್ಕಪಕ್ಕ ನೋಡಿ.

1,200 ಚದರಡಿಯಲ್ಲಿ ಗಾಳಿ ಬೆಳಕು ನಮ್ಮ ಕೈಯಲ್ಲಿಲ್ಲ, ಪಕ್ಕದವರ ಕೈಯಲ್ಲಿದೆ. ಮಗ್ಗುಲಲ್ಲಿ ಖಾಲಿ ಸೈಟಿದ್ದರೆ ದಲ್ಲಾಳಿ ಅದನ್ನೇ ಹೊಗಳುತ್ತಾನೆ. ಅದರ ಮಾಲೀಕರು ನಾಳೆ ನಾಲ್ಕು ಅಂತಸ್ತು ಎಬ್ಬಿಸಿದರೆ ಮುಗಿಯಿತು. ನಮಗೆ ಆದದ್ದೂ ಅದೇ. ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಗೋಡೆ ತಾಗುತ್ತದೆ, ನಡುಹಗಲಿನಲ್ಲೂ ದೀಪ ಹಾಕದೆ ಒಗ್ಗರಣೆ ಹಾಕುವಂತಿಲ್ಲ. ಮೊದಲು ಹಿತ್ತಲಿನಲ್ಲೇ ಸಂಡಿಗೆ ಒಣಗಿಸುತ್ತಿದ್ದ ಅಮ್ಮ ಈಗ ಮಂಡಿನೋವಿನಲ್ಲಿ ತಾರಸಿ ಹತ್ತಬೇಕು. ಆದ್ದರಿಂದ ಖಾಲಿ ಸೈಟಿನ ಪಕ್ಕದ ಮನೆಗಿಂತ, ಎರಡೂ ಕಡೆ ಈಗಾಗಲೇ ಕಟ್ಟಿ ಮುಗಿದ, ಆದರೂ ಬೆಳಕಿರುವ ಮನೆ ಎಷ್ಟೋ ವಾಸಿ.

ಇನ್ನು ನೀರು. ‘ಕಾವೇರಿ ಸಂಪರ್ಕವಿದೆ’ ಎಂಬ ಮಾತಿಗೆ ತಲೆಯಾಡಿಸಬೇಡಿ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ, ಸಂಪು ತುಂಬುತ್ತದೆಯೇ ಎಂದು ವಿಚಾರಿಸಿ. ಮುಚ್ಚಳ ತೆಗೆಸಿ, ಸಂಪಿನೊಳಗೆ ಬಿರುಕು, ಬೇರು ಇವೆಯೇ ನೋಡಿ. ಮಾರುವವರನ್ನು ಕೇಳಿ ಫಲವಿಲ್ಲ. ಎದುರು ಮನೆಯ ಹಿರಿಯರನ್ನು ಮಾತಿಗೆಳೆದು, ‘2024ರ ಬೇಸಿಗೆಯಲ್ಲಿ ನೀರಿಗೆ ಏನು ಮಾಡಿದಿರಿ ಅಮ್ಮ?’ ಎಂದು ಕೇಳಿ. ಬೋರ್‌ವೆಲ್ ಬತ್ತಿತ್ತೇ, ಟ್ಯಾಂಕರ್ ತರಿಸಿದರೇ, ಎಲ್ಲವೂ ಹೊರಬರುತ್ತದೆ. ಜೊತೆಗೆ ಬೀದಿಯ ಅರ್ಧ ಪುರಾಣವೂ.

ವೃಷಭಾವತಿಯ ಹತ್ತಿರದ ಬೀದಿಯಾದರೆ ಸಂಜೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಹೋಗಿ. ನಗರದ ಕೊಳಚೆ ಹೊತ್ತು ಬರುವ ಹೊಳೆ ಅದು. ಮಧ್ಯಾಹ್ನ ಹೋದವರಿಗೆ ವಾಸನೆ ಅಷ್ಟಾಗಿ ತಿಳಿಯದಿರಬಹುದು.

ಮೆಟ್ರೋ ಬಂದದ್ದು ದೊಡ್ಡ ಅನುಕೂಲವೇ ಸರಿ. 2021ರ ಆಗಸ್ಟ್ ಕೊನೆಗೆ ನೇರಳೆ ಮಾರ್ಗ ಕೆಂಗೇರಿ ಮುಟ್ಟಿತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಚಾಚಿಕೊಂಡು, ಪೂರ್ವದ ಕಡೆ ನಡುವೆ ಬಿಟ್ಟಿದ್ದ ತುಂಡೂ ಸೇರಿಕೊಂಡಾಗ ಇಲ್ಲಿ ಹತ್ತಿದವರು ರೈಲು ಬದಲಿಸದೆ ವೈಟ್‌ಫೀಲ್ಡ್‌ನಲ್ಲಿ ಇಳಿಯುವಂತಾಯಿತು. ಆದರೆ ನಿಲ್ದಾಣದ ಹತ್ತಿರದ ಬೀದಿಗಳಲ್ಲಿ ಗೇಟಿನ ಮುಂದೆಯೇ ಅಪರಿಚಿತರ ಸ್ಕೂಟರ್ ನಿಂತಿರುತ್ತದೆ, ಸಂಸಾರವಿದ್ದ ಮನೆ ಪಿಜಿ ಆಗುತ್ತದೆ. ನಿಲ್ದಾಣಕ್ಕೆ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿದ್ದರೆ ಹಿರಿಯರಿಗೂ ನೆಮ್ಮದಿ. ಅವರನ್ನೊಮ್ಮೆ ಆ ದಾರಿಯಲ್ಲಿ ನಡೆಸಿ ನೋಡಿ, ಕಿತ್ತುಹೋದ ಚಪ್ಪಡಿಗಳು ನಿಮಗಿಂತ ಮೊದಲು ಅವರ ಕಾಲಿಗೆ ತಿಳಿಯುತ್ತವೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಅಥವಾ ಗೃಹ ಮಂಡಳಿ ಹಂಚಿದ್ದಾದರೆ ಮೂಲ ಹಂಚಿಕೆ ಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳ ಸರಪಳಿ ತುಂಡಾಗಿರಬಾರದು. ಋಣಭಾರ ಪ್ರಮಾಣಪತ್ರ (ಆಸ್ತಿಯ ನೋಂದಾಯಿತ ವ್ಯವಹಾರ, ಅಡಮಾನಗಳ ಪಟ್ಟಿ), ಇ-ಖಾತೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ತೆರಿಗೆ ರಸೀದಿಗಳನ್ನು ವಕೀಲರಿಗೆ ತೋರಿಸಿ. ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಕೃಷಿ ಜಮೀನಿನಲ್ಲಿ ಎದ್ದ ಸುತ್ತಲಿನ ರೆವಿನ್ಯೂ ಬಡಾವಣೆಯ ಮನೆಯನ್ನೂ ‘ಉಪನಗರ’ ಎಂದೇ ಮಾರುವವರಿದ್ದಾರೆ, ಎಚ್ಚರ.

ಬೆಲೆ ಮಾತಾಡುವಾಗ ಕೆಂಪು ಗಾರೆ ನೆಲ, ತೇಗದ ಬಾಗಿಲು ಎಂದು ಮಾಲೀಕರು ರಾಗ ಎಳೆಯುತ್ತಾರೆ. ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ನೆಲ. ಹಳೆಯ ಪೈಪು, ವೈರಿಂಗ್ ಬದಲಿಸುವ ಖರ್ಚನ್ನು ಮೊದಲೇ ಮೇಸ್ತ್ರಿಯಿಂದ ಲೆಕ್ಕ ಹಾಕಿಸಿ, ಅಷ್ಟನ್ನು ಕಳೆದೇ ಮಾತು ಶುರು ಮಾಡಿ.